ಕೆಜಿಎಫ್‌ಗೆ ಒಂದು ದಿನದ ಟ್ರಿಪ್: ಅಲ್ಲಿ ನಿಜವಾಗಿ ನೋಡುವಂಥದ್ದು ಏನಿದೆ?

ಹೊಸಕೋಟೆ ಹರಿ
ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಕೆಜಿಎಫ್‌ಗೆ, ಅದೇ ಕೋಲಾರದ ಹಳೇ ಚಿನ್ನದ ಗಣಿ ಊರಿಗೆ (ಕೋಲಾರ ಗೋಲ್ಡ್ ಫೀಲ್ಡ್ಸ್), ಹೋಗಿ ಬರೋಣ ಅಂತ ಇದ್ದೇವೆ. ನಾನು, ಹೆಂಡತಿ, ಹತ್ತನೇ ಕ್ಲಾಸಿನ ಮಗ, ಜೊತೆಗೆ ನಮ್ಮ ಮಾವ. ಮಗನಿಗೆ ಕೆಜಿಎಫ್ ಸಿನಿಮಾ ಹುಚ್ಚು. ಮಾವನಿಗೆ ಹಳೇ ಕಟ್ಟಡ, ಹಳೇ ರೈಲು ಅಂದರೆ ಪ್ರಾಣ. ಯೂಟ್ಯೂಬಿನಲ್ಲಿ ನೋಡಿದರೆ ಎಲ್ಲರೂ ಅದೇ ಬೂದು ದಿಬ್ಬದ ಮುಂದೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಸ್ಲೋ ಮೋಷನ್‌ನಲ್ಲಿ ನಡೆಯುತ್ತಿದ್ದಾರೆ. ಅದು ಬಿಟ್ಟು ಬೇರೇನಿದೆ? ಗಣಿಯೊಳಗೆ ಬಿಡುತ್ತಾರಾ? ಕಾರೋ, ರೈಲೋ? ಊಟಕ್ಕೆ ಏನು ಮಾಡೋದು? ಒಂದು ದಿನ ಸಾಕಾ?

ಬುಲೆಟ್ ಬಾಬು
ಅರ್ಧ ದಿನ ಸಾಕು ಗುರು. ಪಾಳು ಬಿದ್ದ ಊರು. ಎರಡು ಫೋಟೋ ಹೊಡೆದು, ಕೋಟಿಲಿಂಗೇಶ್ವರ ದೇವಸ್ಥಾನ ಮುಗಿಸಿ, ಮಧ್ಯಾಹ್ನ ಊಟಕ್ಕೆ ಮನೆ.

ಮಾರಿಕುಪ್ಪಂ ಪ್ಯಾಸೆಂಜರ್
ಪಾಳು ಬಿದ್ದ ಊರಾ? ಬಾಬು ಅವರೇ, ಯಾವುದಾದರೂ ಸೋಮವಾರ ಬೆಳಗ್ಗೆ ಇಲ್ಲಿನ ಕೊನೇ ಸ್ಟೇಷನ್ ಮಾರಿಕುಪ್ಪಂನಿಂದ ಹೊರಡೋ ರೈಲು ಹತ್ತಿ. ಕಾಲಿಡಲು ಜಾಗ ಸಿಕ್ಕಿದರೆ ಆಮೇಲೆ ಮಾತಾಡೋಣ. 2011ರ ಜನಗಣತಿಯಲ್ಲೇ ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಜನ ಇದ್ದ ಊರು. ಮುಚ್ಚಿದ್ದು ಗಣಿ, ಊರಲ್ಲ.

ಹರಿ ಅವರೇ, ಗಣಿಯೊಳಗೆ ಬಿಡುವುದಿಲ್ಲ. 2001ರಲ್ಲಿ ಮುಚ್ಚಿದ ಮೇಲೆ ನೀರು ಮೇಲೆತ್ತುವುದೇ ನಿಂತಿತು. ಕೆಳಗೆಲ್ಲ ನೀರು ತುಂಬಿದೆ. ಶಾಫ್ಟ್‌ಗಳ, ಅಂದರೆ ಗಣಿಗೆ ಇಳಿಯುವ ಬಾವಿಯಂಥ ಗುಂಡಿಗಳ, ಸುತ್ತ ಕಾವಲಿದೆ. ಹೊರಗಿನಿಂದ ಚಕ್ರದ ಗೋಪುರಗಳನ್ನು ನೋಡಬಹುದು ಅಷ್ಟೆ. "ನನಗೆ ಗೊತ್ತು, ಒಳಗೆ ಕರೆದುಕೊಂಡು ಹೋಗುತ್ತೇನೆ" ಅಂತ ಯಾರಾದರೂ ಕಾಸು ಕೇಳಿದರೆ ಕೊಡಬೇಡಿ. ಮಗನನ್ನು ಕರೆದುಕೊಂಡು ಹೋಗುತ್ತಿದ್ದೀರಿ, ಅಲ್ಲಿ ಹಳೇ ಗುಂಡಿಗಳು ಎಲ್ಲೆಲ್ಲಿವೆ ಅಂತ ನಮ್ಮೂರವರಿಗೇ ಪೂರ್ತಿ ಗೊತ್ತಿಲ್ಲ.

ಫೋಟೋ ಫಣಿ
ಸಿನಿಮಾದಲ್ಲಿ ತೋರಿಸಿದ ಆ ದೊಡ್ಡ ಗೋಡೆ, ಗೇಟು ಎಲ್ಲ ಇದೆಯಾ?

ಮಾರಿಕುಪ್ಪಂ ಪ್ಯಾಸೆಂಜರ್
ಅದು ಸೆಟ್ ಸ್ವಾಮಿ. ಬಿಚ್ಚಿಕೊಂಡು ಹೋದರು. ದಿನಕ್ಕೆ ಹತ್ತು ಜನ ಇದನ್ನೇ ಕೇಳುತ್ತಾರೆ. ಆಟೋದವರು ಉತ್ತರ ಹೇಳಿ ಹೇಳಿ ಸುಸ್ತಾಗಿದ್ದಾರೆ.

ಸುಮಾ ಕೋಲಾರ
ಕಾರಿದ್ದರೆ ಈಗ ತುಂಬಾ ಸುಲಭ. ಚೆನ್ನೈ ಎಕ್ಸ್‌ಪ್ರೆಸ್‌ವೇ ನಿಮ್ಮ ಹೊಸಕೋಟೆ ಹತ್ತಿರವೇ ಶುರುವಾಗುತ್ತದೆ. ನಮ್ಮ ರಾಜ್ಯದ ಭಾಗ 2024ರ ಕೊನೆಯಲ್ಲಿ ಓಡಾಟಕ್ಕೆ ತೆರೆಯಿತು. ಬೇತಮಂಗಲದ ಕಡೆ ಇಳಿದರೆ ಕೆಜಿಎಫ್ ಪಕ್ಕದಲ್ಲೇ. ನೀರು, ತಿಂಡಿ ಮೊದಲೇ ಇಟ್ಟುಕೊಳ್ಳಿ, ದಾರಿಯಲ್ಲಿ ಅಂಗಡಿಗಳನ್ನು ನಂಬಬೇಡಿ.

ಬುಲೆಟ್ ಬಾಬು
ಅದರಲ್ಲಿ ಬೈಕ್ ಬಿಡೋದಿಲ್ಲ. ನಮಗೆ ಹಳೇ ಮದ್ರಾಸ್ ರೋಡೇ ಗತಿ.

ಸುಮಾ ಕೋಲಾರ
ಒಳ್ಳೇದೇ ಆಯಿತು ಬಿಡಿ. ಹಳೇ ರೋಡಲ್ಲಿ ಹೋದವರಿಗೆ ಮುಳಬಾಗಿಲು ದೋಸೆ ಸಿಗುತ್ತದೆ.

ಮುಳಬಾಗಿಲು ದೋಸೆ
ಕರೆದಿರಾ? ಆದರೆ ಕೆಜಿಎಫ್‌ಗೆ ಹೋಗುವವರು ಕೋಲಾರದ ಹತ್ತಿರವೇ ತಿರುಗಿಕೊಳ್ಳಬೇಕು. ಮುಳಬಾಗಿಲು ಇನ್ನೂ ಮುಂದೆ. ದೋಸೆಗೋಸ್ಕರ ಅಷ್ಟು ಸುತ್ತಿದರೂ ತಪ್ಪಿಲ್ಲ ಅನ್ನುವುದು ನನ್ನ ಅಭಿಪ್ರಾಯ. ತೆಳ್ಳಗೆ ಹಾಕದೆ ದಪ್ಪಕ್ಕೆ, ತುಪ್ಪದಲ್ಲಿ ಗರಿಗರಿ, ಒಳಗೆ ಮೆತ್ತಗೆ.

ಪಾನಿಪುರಿ ಪಾರ್ಟಿ
ದೋಸೆ ಬಿಡಿ, ಬಂಗಾರಪೇಟೆಯಲ್ಲಿ ಇಳಿದು ಪಾನಿಪುರಿ ತಿನ್ನದೆ ಬಂದರೆ ಆ ಟ್ರಿಪ್ ಲೆಕ್ಕಕ್ಕಿಲ್ಲ. ಪಾನಿಗೆ ಬಣ್ಣವೇ ಇಲ್ಲ, ನೋಡಿದರೆ ಬರೀ ನೀರು. ಬಾಯಿಗೆ ಹಾಕಿದರೆ ಕಣ್ಣಲ್ಲಿ ನೀರು.

ಹೊಸಕೋಟೆ ಹರಿ
ಊಟದ ಚಿಂತೆ ಕಳೆಯಿತು. ಆದರೆ ಮಾವ ರೈಲಲ್ಲೇ ಹೋಗಬೇಕು ಅಂತ ಹಟ ಹಿಡಿದಿದ್ದಾರೆ.

ಮಾರಿಕುಪ್ಪಂ ಪ್ಯಾಸೆಂಜರ್
ನಿಮ್ಮ ಮಾವನಿಗೆ ನನ್ನ ಕಡೆಯಿಂದ ಒಂದು ಸಲಾಂ. ಬಂಗಾರಪೇಟೆಯಿಂದ ಮಾರಿಕುಪ್ಪಂ ತನಕ ಇರುವುದು ಒಂದು ಚಿಕ್ಕ ಕವಲು ದಾರಿ. ಗಣಿಗೋಸ್ಕರವೇ 1890ರ ದಶಕದಲ್ಲಿ ಹಾಕಿದ್ದು. ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಸ್ಟೇಷನ್ ಹೆಸರುಗಳಲ್ಲೇ ಗಣಿಗಳ ಪಟ್ಟಿ ಇದೆ. ಊರು ಒಂದೇ ಕಡೆ ಗುಂಪಾಗಿಲ್ಲ, ಚಿನ್ನದ ಎಳೆ ಹೋದ ಕಡೆಯೆಲ್ಲ ಉದ್ದಕ್ಕೆ ಹಬ್ಬಿದೆ. ಅದು ಅರ್ಥ ಆಗಬೇಕಾದರೆ ಈ ರೈಲಲ್ಲೇ ಕೂರಬೇಕು.

ಒಂದು ತೊಂದರೆ ಇದೆ. ಇಲ್ಲಿನ ರೈಲುಗಳ ಸಮಯ ಕೆಲಸಕ್ಕೆ ಹೋಗುವ ನಮಗೆ ಅಂತ ಮಾಡಿದ್ದು. ಬೆಳಗ್ಗೆ ಬೆಂಗಳೂರಿಗೆ, ಸಾಯಂಕಾಲ ವಾಪಸ್. ನೀವು ಎದುರು ದಿಕ್ಕಿನಲ್ಲಿ ಬರುತ್ತೀರಿ. ಭಾನುವಾರ ಯಾವ ಗಾಡಿ ಓಡುತ್ತದೆ ಅಂತ ಮೊದಲೇ ನೋಡಿಕೊಳ್ಳಿ. ಸಿಗದಿದ್ದರೆ ಬಂಗಾರಪೇಟೆಗೆ ಬೇರೆ ಬೇಕಾದಷ್ಟು ರೈಲಿವೆ, ಅಲ್ಲಿಂದ ಬಸ್ ಹಿಡಿಯಿರಿ.

ಇತಿಹಾಸದ ಹುಳ
ಹೋಗುವ ಮುಂಚೆ ಸ್ವಲ್ಪ ಹಿನ್ನೆಲೆ ಗೊತ್ತಿದ್ದರೆ ನೋಡುವ ಖುಷಿಯೇ ಬೇರೆ. ಉದ್ದ ಆದರೆ ಬೈಯಬೇಡಿ.

ಟಿಪ್ಪು ಸತ್ತ ಮೇಲೆ ಮೈಸೂರಿನ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಎಂಬಾತನಿಗೆ ಈ ಕಡೆ ಮಣ್ಣಲ್ಲಿ ಚಿನ್ನ ಸಿಗುತ್ತದೆ ಅನ್ನುವ ಸುದ್ದಿ ಬಿತ್ತು. ತೋರಿಸಿದವರಿಗೆ ಇನಾಮು ಅಂದ. ಹಳ್ಳಿಯವರು ಎತ್ತಿನ ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು ಅವನ ಎದುರೇ ತೊಳೆದು ಚಿನ್ನದ ಪುಡಿ ತೋರಿಸಿದರು. ಇದು 1802ರ ಮಾತು. ಅಂದರೆ "ಬ್ರಿಟಿಷರು ಕಂಡುಹಿಡಿದರು" ಅನ್ನುವುದು ಸುಳ್ಳು. ನಮ್ಮವರು ಅದಕ್ಕೂ ಬಹಳ ಹಿಂದಿನಿಂದಲೇ ಅಗೆಯುತ್ತಿದ್ದರು, ಹಳೇ ಗುಂಡಿಗಳು ಆಗಲೇ ಇದ್ದವು.

ಆಮೇಲೆ ಬಂದವನು ಮೈಕಲ್ ಫಿಟ್ಜ್‌ಜೆರಾಲ್ಡ್ ಲವೆಲ್, ರಿಟೈರ್ ಆದ ಐರಿಷ್ ಸೈನಿಕ. ವಾರನ್ ಬರೆದದ್ದನ್ನು ಓದಿ ತಲೆಕೆಡಿಸಿಕೊಂಡ. 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಲೈಸೆನ್ಸ್ ತಗೊಂಡ. ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ, ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ಬೆಂಗಳೂರಿನ ಲವೆಲ್ ರೋಡ್ ಅವನ ಹೆಸರಿನದೇ. ನಿಜವಾದ ಗಣಿಗಾರಿಕೆ ಶುರುವಾಗಿದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟ ಮೇಲೆ, 1880ರಿಂದ ಈಚೆಗೆ.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರವರಿ 28ಕ್ಕೆ ಬಾಗಿಲು. ಒಟ್ಟು ಎತ್ತಿದ ಚಿನ್ನ ಸುಮಾರು 800 ಟನ್.

ಬುಲೆಟ್ ಬಾಬು
ಲವೆಲ್ ರೋಡಲ್ಲಿ ಒಂದು ಕಾಫಿಗೆ ಈಗ ಒಂದು ಗ್ರಾಂ ಚಿನ್ನದ ರೇಟು. ಸರಿಯಾಗೇ ಹೆಸರಿಟ್ಟಿದ್ದಾರೆ.

ಗಿರಿ ಎಲೆಕ್ಟ್ರಿಕಲ್ಸ್
ಹುಳ ಸರ್ ಮುಖ್ಯವಾದದ್ದೇ ಬಿಟ್ಟರು. ಏಷ್ಯಾದಲ್ಲೇ ಮೊದಲು ಕರೆಂಟ್ ಬಂದ ಊರು ಕೆಜಿಎಫ್!

ಇತಿಹಾಸದ ಹುಳ
ಈ ಮಾತು ಎಲ್ಲಾ ವಿಡಿಯೋಗಳಲ್ಲೂ ಇದೆ, ಮತ್ತು ತಪ್ಪು. ಡಾರ್ಜಿಲಿಂಗ್‌ನಲ್ಲಿ 1897ರಲ್ಲೇ ನೀರಿನಿಂದ ಕರೆಂಟ್ ಮಾಡಿದ್ದರು. ಕಲ್ಕತ್ತಕ್ಕೂ ನಮಗಿಂತ ಮೊದಲೇ ಬಂದಿತ್ತು. ಕೆಜಿಎಫ್‌ನ ಹೆಗ್ಗಳಿಕೆ ಬೇರೆ. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟ್ ತಂದರು. ಆ ಕಾಲಕ್ಕೆ ಅಷ್ಟು ದೂರ ಕರೆಂಟ್ ಒಯ್ಯುವುದು ಪ್ರಪಂಚದಲ್ಲೇ ದೊಡ್ಡ ಸಾಹಸ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ತಂತಿ ಎಳೆದದ್ದು ಜನರ ಮನೆಗೆ ಬೆಳಕು ಕೊಡಲು ಅಲ್ಲ, ಚಿನ್ನ ಎತ್ತಲು. ಇದನ್ನು ಮರೆಯಬೇಡಿ.

ಗಿರಿ ಎಲೆಕ್ಟ್ರಿಕಲ್ಸ್
ಸರಿ, ಏಷ್ಯಾ ಬಿಟ್ಟೆ. ಕರ್ನಾಟಕದಲ್ಲಿ ಮೊದಲು ಅಂತ ಹೇಳಬಹುದು ತಾನೆ?

ಇತಿಹಾಸದ ಹುಳ
ಹೇಳಿ, ಯಾರೂ ಜಗಳಕ್ಕೆ ಬರೋದಿಲ್ಲ.

ಫೋಟೋ ಫಣಿ
ಸೈನೈಡ್ ದಿಬ್ಬ ಅಂತಾರಲ್ಲ, ವಿಡಿಯೋಗಳಲ್ಲಿ ಬರೋ ಆ ಬೂದು ದಿಬ್ಬ, ಅದರ ಮೇಲೆ ಹತ್ತಬಹುದಾ? ಸಾಯಂಕಾಲದ ಬೆಳಕಲ್ಲಿ ಭಾರಿ ಫ್ರೇಮ್ ಸಿಗುತ್ತದೆ. ಮುಂದೆ ಲೈನ್ ಮನೆಗಳು, ಹಿಂದೆ ದಿಬ್ಬ.

ಚಾಂಪಿಯನ್ ರೀಫ್ಸ್ ಮಗಳು
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಫಣಿ ಅವರೇ, ನೀವು ಫ್ರೇಮಿನ ಮುಂದೆ ಇಡಬೇಕು ಅಂತಿರೋ ಲೈನ್ ಮನೆಯಲ್ಲಿ ನಾನು ಹುಟ್ಟಿ ಬೆಳೆದದ್ದು. ನಮ್ಮಮ್ಮ ಈಗಲೂ ಅಲ್ಲೇ ಇದ್ದಾರೆ.

ಲೈನ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗಣಿ ಕಾರ್ಮಿಕರಿಗೆ ಅಂತ ಕಂಪನಿಯವರು ಸಾಲಾಗಿ ಕಟ್ಟಿದ ಮನೆಗಳು. ಚಿಕ್ಕ ರೂಮು, ತಗ್ಗು ಮಾಡು, ಬೀದಿಗೊಂದು ನಲ್ಲಿ. ಮುಂದಿನ ಬಾಗಿಲು ಬೀದಿಗೆ, ಅಡಿಗೆಯೂ ಅರ್ಧ ಬೀದಿಯಲ್ಲೇ. ಸಿನಿಮಾ ಬಂದ ಮೇಲೆ ಭಾನುವಾರ ಬಂದರೆ ಬೀದಿಯಲ್ಲಿ ಕ್ಯಾಮೆರಾದವರು. ಅಮ್ಮ ಪಾತ್ರೆ ತೊಳೆಯುತ್ತಿದ್ದರೆ ಹೇಳದೆ ಕೇಳದೆ ಫೋಟೋ ತೆಗೆಯುತ್ತಾರೆ. ಒಬ್ಬ ಹುಡುಗ ಬಾಗಿಲ ಒಳಗೇ ಇಣುಕಿ "ಆಂಟಿ, ಇಲ್ಲಿ ಯಾರಾದರೂ ಇದ್ದಾರಾ?" ಅಂದನಂತೆ. ಅಮ್ಮ ಅವನಿಗೆ ಏನಂದರು ಅಂತ ಇಲ್ಲಿ ಬರೆಯುವ ಹಾಗಿಲ್ಲ.

ನಮ್ಮಪ್ಪ ಒಳಗೆ ಟಿಂಬರ್‌ಮ್ಯಾನ್ ಆಗಿದ್ದರು. ಕಲ್ಲು ಅಗೆದ ಜಾಗ ಕುಸಿಯದಂತೆ ಮರದ ದಿಮ್ಮಿ ಕೊಟ್ಟು ನಿಲ್ಲಿಸುವ ಕೆಲಸ. ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಶಾಫ್ಟ್, ಅಲ್ಲಿಂದ ನಡೆದು ಹೋಗಬೇಕು. ಕೆಳಗೆ ಸೆಕೆ ಎಷ್ಟು ಅಂದರೆ ಬನಿಯನ್ ಹಿಂಡಿ ಮತ್ತೆ ಹಾಕಿಕೊಳ್ಳುತ್ತಿದ್ದರಂತೆ. ನಮಗೆ ಗೊತ್ತಿದ್ದದ್ದು ಏರ್ ಬ್ಲಾಸ್ಟ್. ಆಳದಲ್ಲಿ ಕಲ್ಲು ಒತ್ತಡ ತಾಳದೆ ಸಿಡಿಯುವುದು. ರಾತ್ರಿ ಮಲಗಿದ್ದಾಗ ನೆಲ ಒಂದು ಸಲ ನಡುಗಿ ಕಪಾಟಿನ ಪಾತ್ರೆ ಎಲ್ಲ ಬೀಳುತ್ತಿದ್ದವು. ಆಗ ಲೈನಿನ ಹೆಂಗಸರೆಲ್ಲ ಮಕ್ಕಳನ್ನು ಬಿಟ್ಟು ಶಾಫ್ಟ್ ಗೇಟಿಗೆ ಓಡುವುದು. ಯಾವ ಲೆವೆಲ್, ಯಾವ ಶಿಫ್ಟ್ ಅಂತ ಗೊತ್ತಾಗುವವರೆಗೂ ಒಬ್ಬರೂ ಮಾತಾಡುವುದಿಲ್ಲ.

ಬನ್ನಿ, ನೋಡಿ, ಬೇಡ ಅನ್ನುವುದಿಲ್ಲ. ಆದರೆ ಕೇಳಿ ಫೋಟೋ ತೆಗೆಯಿರಿ. ದಿಬ್ಬ ಹತ್ತಬೇಡಿ.

ಫೋಟೋ ಫಣಿ
ಸರಿ ಅಕ್ಕ. ಕೇಳಿಯೇ ತೆಗೆಯುತ್ತೇನೆ. ಆದರೆ ದಿಬ್ಬ ಯಾಕೆ ಬೇಡ? ಸೈನೈಡ್ ಈಗಲೂ ಇದೆಯಾ? ಮುಟ್ಟಿದರೆ ಸಾಯುತ್ತಾರಾ?

ಕಲ್ಲುಮಣ್ಣು
ಭೂಗರ್ಭಶಾಸ್ತ್ರ ಓದಿ ಹೊಟ್ಟೆ ಹೊರೆಯುವವನು ನಾನು, ಇದಕ್ಕೆ ಉತ್ತರ ಹೇಳುತ್ತೇನೆ. ಮುಟ್ಟಿದರೆ ಸಾಯುವುದಿಲ್ಲ. ಗಣಿಯಿಂದ ತಂದ ಅದಿರನ್ನು ನುಣ್ಣಗೆ ಅರೆದು, ಅದರ ಮೂಲಕ ತೆಳುವಾದ ಸೈನೈಡ್ ನೀರು ಹಾಯಿಸುತ್ತಿದ್ದರು. ಚಿನ್ನ ಅದರಲ್ಲಿ ಕರಗುತ್ತದೆ, ಆಮೇಲೆ ಸತು ಹಾಕಿ ಚಿನ್ನ ಇಳಿಸುತ್ತಿದ್ದರು. ಉಳಿದ ಕೆಸರನ್ನು ಹೊರಗೆ ಸುರಿದರು. ನೂರು ವರ್ಷ ಸುರಿದದ್ದೇ ಈ ದಿಬ್ಬಗಳು. ಒಟ್ಟು 13 ಇವೆ, ಸುಮಾರು 3.3 ಕೋಟಿ ಟನ್ ಪುಡಿ. ಸೈನೈಡ್ ಬಿಸಿಲು ಗಾಳಿಗೆ ಕಾಲಕ್ರಮದಲ್ಲಿ ಒಡೆದು ಹೋಗುತ್ತದೆ. ಹಾಗಂತ ನಿರುಪದ್ರವಿ ಅಲ್ಲ. ಗೋಧಿ ಹಿಟ್ಟಿನಷ್ಟು ನುಣುಪಾದ ಕಲ್ಲಿನ ಧೂಳು, ಅದರಲ್ಲಿ ಸಿಲಿಕಾ ಇದೆ, ಬೇರೆ ಲೋಹಗಳೂ ಇವೆ. ಆಷಾಢದ ಗಾಳಿಗೆ ಎದ್ದು ಮನೆಗಳ ಮೇಲೆ ಬೀಳುತ್ತದೆ. ಮಳೆಗೆ ಅಲ್ಲಲ್ಲಿ ಕೊರೆದು ಆಳವಾದ ಕೊರಕಲುಗಳಾಗಿವೆ. ಮೇಲೆ ನಿಂತಾಗ ಅಂಚು ಕುಸಿದರೆ ಕತೆ ಮುಗಿಯಿತು.

ಚಾಂಪಿಯನ್ ರೀಫ್ಸ್ ಮಗಳು
ಗಾಳಿ ಕಾಲದಲ್ಲಿ ಒಣಗಿಸಿದ ಬಟ್ಟೆ ಮತ್ತೆ ಒಗೆಯಬೇಕು. ಕೆಮ್ಮು ಅಂತೂ ಮನೆಮನೆಯಲ್ಲೂ.

ಇತಿಹಾಸದ ಹುಳ
ಕೆಮ್ಮು ಅಂದಾಗ ನೆನಪಾಯಿತು. ಸಿಲಿಕೋಸಿಸ್, ಅಂದರೆ ಕಲ್ಲಿನ ಧೂಳಿಂದ ಶ್ವಾಸಕೋಶ ಗಟ್ಟಿಯಾಗುವ ರೋಗ. 1940ರ ದಶಕದಲ್ಲಿ ಇಲ್ಲಿನ ಸಾವಿರಾರು ಕಾರ್ಮಿಕರ ಎಕ್ಸ್‌ರೇ ತೆಗೆದು ಅಧ್ಯಯನ ಮಾಡಿದ್ದರು. ನಮ್ಮ ದೇಶದಲ್ಲಿ ಈ ರೋಗದ ಬಗ್ಗೆ ನಡೆದ ಮೊದಮೊದಲ ದೊಡ್ಡ ಕೆಲಸ ಅದು. ಇಂಥದ್ದನ್ನೆಲ್ಲ ಯಾರೂ ರೀಲ್ಸ್ ಮಾಡುವುದಿಲ್ಲ.

ಕನ್ನಡ ಕಿರಣ್
ನಡುವೆ ಬರುತ್ತಿದ್ದೇನೆ. ಅಲ್ಲಿ ಕನ್ನಡ ಮಾತಾಡುತ್ತಾರಾ? ನಾನು ಹೋದಾಗ ಎಲ್ಲಾ ಅಂಗಡಿಯಲ್ಲೂ ತಮಿಳು. ಕರ್ನಾಟಕದಲ್ಲಿದ್ದೇನಾ ಅಂತ ಅನುಮಾನ ಬಂತು.

ಮಾರಿಕುಪ್ಪಂ ಪ್ಯಾಸೆಂಜರ್
ಬಂತಾ ಈ ವಿಷಯ. ಬರದೇ ಇದ್ದರೆ ಆಶ್ಚರ್ಯ ಆಗುತ್ತಿತ್ತು.

ಕನ್ನಡ ಕಿರಣ್
ಕೇಳಿದರೆ ತಪ್ಪೇನು? ನಮ್ಮ ರಾಜ್ಯ, ನಮ್ಮ ಭಾಷೆ.

ಇತಿಹಾಸದ ಹುಳ
ಕಿರಣ್, ಕೇಳಿ, ತಪ್ಪಿಲ್ಲ. ಉತ್ತರವನ್ನೂ ಕೇಳಿ. ಕೈಯಲ್ಲಿ ತುಂಡು ಜಮೀನಿದ್ದ ಸುತ್ತಲಿನ ರೈತರು ನೆಲದೊಳಗೆ ಇಳಿಯಲು ಮುಂದೆ ಬರಲಿಲ್ಲ. ಕಂಪನಿ ಆರ್ಕಾಟು, ಸೇಲಂ ಕಡೆಯಿಂದ ಜನರನ್ನು ಕರೆಸಿತು. ಬಂದವರಲ್ಲಿ ಹೆಚ್ಚಿನವರು ದಲಿತರು. ಹಳ್ಳಿಯ ಜೀತ, ಬರ, ಜಾತಿ ಹಿಂಸೆಗೆ ಬೇಸತ್ತು ಬಂದವರು. ಚಿತ್ತೂರು ಕಡೆಯಿಂದ ತೆಲುಗರು, ಕಾವಲಿಗೆ ಪಂಜಾಬಿನವರು, ಮೇಲಿನ ಕೆಲಸಕ್ಕೆ ಇಂಗ್ಲೆಂಡಿನ ಕಾರ್ನ್‌ವಾಲ್‌ನವರು, ಇಟಲಿಯವರು, ಆಂಗ್ಲೋ ಇಂಡಿಯನ್ನರು. ಒಂದು ಕಾಲಕ್ಕೆ 30 ಸಾವಿರಕ್ಕೂ ಹೆಚ್ಚು ಕಾರ್ಮಿಕರು. ಮೈಸೂರು ಸರ್ಕಾರ ಆ ಚಿನ್ನದ ರಾಯಧನ ಎಣಿಸಿಕೊಂಡಿತಲ್ಲ, ಅದನ್ನು ದುಡಿದು ಕೊಟ್ಟವರು ಇವರೇ.

ಚಾಂಪಿಯನ್ ರೀಫ್ಸ್ ಮಗಳು
ನಾನು ಮನೆಯಲ್ಲಿ ತಮಿಳು, ಸ್ಕೂಲಲ್ಲಿ ಕನ್ನಡ, ಮಾರ್ಕೆಟ್ಟಲ್ಲಿ ತೆಲುಗು, ಈಗ ಆಫೀಸಲ್ಲಿ ಇಂಗ್ಲಿಷ್. ಇಲ್ಲಿ ಇಷ್ಟುದ್ದ ಬರೆದದ್ದು ಯಾವ ಭಾಷೆಯಲ್ಲಿ ಅಂತ ನೀವೇ ನೋಡಿ ಕಿರಣ್.

ಕನ್ನಡ ಕಿರಣ್
ನಿಮ್ಮ ಬಗ್ಗೆ ಹೇಳಲಿಲ್ಲ ಮೇಡಂ. ಬೋರ್ಡುಗಳ ಬಗ್ಗೆ ಹೇಳಿದೆ.

ಸುಮಾ ಕೋಲಾರ
ಕೋಲಾರ ಜಿಲ್ಲೆಯಲ್ಲಿ ಕನ್ನಡ ಹುಡುಗನಿಗೆ ತೆಲುಗು ಬಾರದಿದ್ದರೆ ಹೆಣ್ಣು ಕೊಡೋದಿಲ್ಲ. ಗಡಿ ಜಿಲ್ಲೆ ಸ್ವಾಮಿ, ಬೆಂಗಳೂರಿನ ಗಜಕಡ್ಡಿ ಇಲ್ಲಿ ಹಿಡಿಯಬೇಡಿ.

ಕೆಂಬಾವುಟ
ರಾಜಕೀಯ ಬಿಟ್ಟರೆ ಕೆಜಿಎಫ್ ಕತೆ ಅರ್ಧ. 1930ರಲ್ಲಿ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕು ಅಂತ ಕಂಪನಿ ಹೊಸ ನಿಯಮ ತಂದಾಗ ಗಣಿಗಳೆಲ್ಲ ನಿಂತವು. ಯೂನಿಯನ್ನೇ ಇರಲಿಲ್ಲ ಆಗ. ಮೂರು ವಾರ ಯಾರೂ ಕೆಳಗೆ ಇಳಿಯಲಿಲ್ಲ, ಕಂಪನಿಯೇ ಬಗ್ಗಿತು. 1946ರಲ್ಲಿ ಇನ್ನೂ ದೊಡ್ಡ ಮುಷ್ಕರ. ಅದೇ ವರ್ಷ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಜನ ಸತ್ತರು. ಕೆ.ಎಸ್. ವಾಸನ್, ವಿ.ಎಂ. ಗೋವಿಂದನ್ ಕಟ್ಟಿದ ಚಳವಳಿ ಅದು. ಅದಾದ ಮೇಲೆ ಈ ಕ್ಷೇತ್ರದಿಂದ ಕಮ್ಯುನಿಸ್ಟರು ಗೆದ್ದರು, ರಿಪಬ್ಲಿಕನ್ ಪಕ್ಷ ಗೆದ್ದಿತು, ಅಣ್ಣಾ ಡಿಎಂಕೆ ಕೂಡ ಗೆದ್ದಿತು. ಕರ್ನಾಟಕದಲ್ಲಿ ಇಂಥ ಇನ್ನೊಂದು ಕ್ಷೇತ್ರ ತೋರಿಸಿ.

ಬುಲೆಟ್ ಬಾಬು
ಹರಿ ಕೇಳಿದ್ದು ಪಿಕ್ನಿಕ್ ಬಗ್ಗೆ. ನಾವು ಪಿಎಚ್‌ಡಿ ಮುಗಿಸಿ ಕಳಿಸುತ್ತಿದ್ದೇವೆ.

ವಿಜ್ಞಾನ ವಿನಾಯಕ
ಇದ್ದದ್ದು ಇರಲಿ, ನಂದೊಂದು. ಮಗನಿಗೆ ಇದನ್ನು ಹೇಳಿ ಹರಿ ಸರ್. 1965ರಲ್ಲಿ ಇದೇ ಗಣಿಯೊಳಗೆ, ಎರಡು ಕಿಲೋಮೀಟರಿಗಿಂತ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳ ಸುಳಿವು ಹಿಡಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹ್ಯಾಂ ಯೂನಿವರ್ಸಿಟಿಯವರ ಜೊತೆ. ಮೇಲಿಂದ ಬರುವ ಬೇರೆ ಕಣಗಳನ್ನೆಲ್ಲ ಕಲ್ಲು ತಡೆಯುತ್ತದೆ, ನ್ಯೂಟ್ರಿನೊ ಮಾತ್ರ ಹಾದು ಬರುತ್ತದೆ. ಅದಕ್ಕೇ ಅಷ್ಟು ಆಳ ಬೇಕಿತ್ತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಇನ್ನೊಂದು ತಂಡ ಇದೇ ಕೆಲಸ ಮಾಡಿತು.

ಗಿರಿ ಎಲೆಕ್ಟ್ರಿಕಲ್ಸ್
ಪ್ರಪಂಚದಲ್ಲೇ ಅತಿ ಆಳದ ಗಣಿ ನಮ್ಮದು ಅಲ್ವಾ?

ಕಲ್ಲುಮಣ್ಣು
ಗಿರಿ ಸರ್, ನಿಮಗೆ "ಮೊದಲು", "ಅತಿ" ಅಂದರೆ ತುಂಬಾ ಇಷ್ಟ ಅನ್ನಿಸುತ್ತದೆ. ಇಲ್ಲಿನ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಇಳಿದಿತ್ತು. ಒಂದು ಕಾಲಕ್ಕೆ ಮುಂಚೂಣಿಯಲ್ಲಿತ್ತು. ಈಗ ದಕ್ಷಿಣ ಆಫ್ರಿಕಾದ ಗಣಿಗಳು ನಾಲ್ಕು ಕಿಲೋಮೀಟರ್ ಹತ್ತಿರ ಹೋಗಿವೆ.

ಹೊಸಕೋಟೆ ಹರಿ
ಹೋಗಿ ಬಂದೆವು. ಹೋಗುವಾಗ ರೈಲು, ಅಲ್ಲಿ ಆಟೋ, ಬರುವಾಗ ಬಸ್ಸು. ಚಿಕ್ಕದಾಗಿ ಹೇಳುತ್ತೇನೆ.

ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಇಳಿದಾಗ ಮಗನ ಮುಖ ಸಣ್ಣದಾಗಿತ್ತು. "ಇಷ್ಟೇನಾ?" ಅಂದ. ಅಲ್ಲಿಂದ ಆಟೋ ಮಾಡಿಕೊಂಡೆವು. ಆಟೋದವರು ಹಳೇ ಗಣಿ ನೌಕರರ ಮಗ. ಶಾಫ್ಟ್ ಗೋಪುರಗಳನ್ನು ರಸ್ತೆಯಿಂದಲೇ ತೋರಿಸಿದರು. ತುಕ್ಕು ಹಿಡಿದ ಚಕ್ರ, ಕೆಳಗೆ ಗಿಡಗಂಟಿ. ಹಳೇ ಬಂಗಲೆಗಳ ಬೀದಿಯಲ್ಲಿ ಮಾವ ಇಳಿದು ನಡೆದೇ ಬಂದರು. ಎತ್ತರದ ಹೊಗೆಗೂಡು, ಮುಂದೆ ಜಗಲಿ, ದೊಡ್ಡ ಕಾಂಪೌಂಡು. ಅದರಿಂದ ಎರಡು ಫರ್ಲಾಂಗ್ ದೂರದಲ್ಲಿ ಲೈನ್ ಮನೆಗಳು. ಒಂದು ಬಂಗಲೆಯ ಅಂಗಳದಲ್ಲಿ ಲೈನಿನ ಒಂದು ಸಾಲು ಪೂರ್ತಿ ಹಿಡಿಸುತ್ತದೆ. ಯಾವ ಪುಸ್ತಕವೂ ಬೇಡ, ಇದನ್ನು ನೋಡಿದರೆ ಸಾಕು.

ದಿಬ್ಬವನ್ನು ದೂರದಿಂದ ನೋಡಿದೆವು, ಹತ್ತಲಿಲ್ಲ. ಮಗ ಒಂದೇ ಒಂದು ಸ್ಲೋ ಮೋಷನ್ ನಡಿಗೆ ಮಾಡಿದ, ಅಷ್ಟಕ್ಕೆ ಬಿಟ್ಟೆ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ ಹತ್ತಿರ ಊಟ. ಬಿರಿಯಾನಿ ಚೆನ್ನಾಗಿತ್ತು, ಬೆಂಗಳೂರಿನ ಅರ್ಧ ರೇಟು. ಟೀ ಅಂಗಡಿಯಲ್ಲಿ ವಯಸ್ಸಾದ ಒಬ್ಬರು ಸಿಕ್ಕಿದರು, ಗಣಿಯಲ್ಲಿ ಡ್ರಿಲ್ಲಿಂಗ್ ಕೆಲಸ ಮಾಡಿದವರು. ಮಗ ನ್ಯೂಟ್ರಿನೊ ಬಗ್ಗೆ ಕೇಳಿದ. "ಸೈಂಟಿಸ್ಟುಗಳು ನಮ್ಮ ಕೇಜಲ್ಲೇ ಇಳಿಯುತ್ತಿದ್ದರು, ಇಳಿಯುವಾಗ ಎಲ್ಲರೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು" ಅಂತ ನಕ್ಕರು. ಅಲ್ಲಿಂದ ಮುಂದೆ ಒಂದು ಗಂಟೆ ಅವರದೇ ಮಾತು. ಮಗ ಫೋನ್ ಮುಟ್ಟಲಿಲ್ಲ.

ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೂ ಹೋದೆವು. ದೊಡ್ಡ ಲಿಂಗ 108 ಅಡಿ. ಜನ ಜಾಸ್ತಿ. ಬೇತಮಂಗಲಕ್ಕೆ ಹೊತ್ತಾಗಲಿಲ್ಲ.

ಬುಲೆಟ್ ಬಾಬು
ನೋಡಿ, ಕೋಟಿಲಿಂಗೇಶ್ವರ ಅಂತ ನಾನೇ ಮೊದಲು ಹೇಳಿದ್ದು.

ಪಾನಿಪುರಿ ಪಾರ್ಟಿ
ಬರುವಾಗ ಬಸ್ಸು ಅಂದಿರಿ. ಹಾಗಾದರೆ ಬಂಗಾರಪೇಟೆ ಪಾನಿಪುರಿ ಎಲ್ಲಿ ತಿಂದಿರಿ?

ಹೊಸಕೋಟೆ ಹರಿ
ಹೋಗುವಾಗಲೇ ಕೇಳಿದೆವು, ಅಂಗಡಿ ತೆರೆದಿರಲಿಲ್ಲ.

ಪಾನಿಪುರಿ ಪಾರ್ಟಿ
ಬೆಳಗ್ಗೆ ಎಂಟಕ್ಕೆ ಯಾರು ಸಾರ್ ಪಾನಿಪುರಿ ಕೇಳುತ್ತಾರೆ!

ಸುಮಾ ಕೋಲಾರ
ಬೇತಮಂಗಲ ಬಿಟ್ಟದ್ದು ನಷ್ಟ. ಪಾಲಾರ್ ನದಿಗೆ ಕಟ್ಟಿದ ಕೆರೆ ಅದು, ಗಣಿಗೆ ಕುಡಿಯುವ ನೀರು ಹೋಗುತ್ತಿದ್ದದ್ದು ಅಲ್ಲಿಂದಲೇ. 2021ರ ಮಳೆಗೆ ಜಿಲ್ಲೆಯ ಕೆರೆಗಳೆಲ್ಲ ಕೋಡಿ ಬಿದ್ದಾಗ ಜನ ಜಾತ್ರೆ ಥರ ನೋಡಲು ಹೋಗಿದ್ದರು. ಅದಕ್ಕೂ ಮುಂಚೆ ಎಷ್ಟು ವರ್ಷ ಬತ್ತಿದ್ದೆವು ಅಂತ ಕೋಲಾರದವರಿಗೇ ಗೊತ್ತು.

ಬಡ್ಡಿ ಬಸವರಾಜು
ಇಷ್ಟೆಲ್ಲ ಮಾತಾಡುತ್ತಿದ್ದೀರಿ, ಚಿನ್ನದ ರೇಟ್ ಎಲ್ಲಿಗೆ ಹೋಗಿದೆ ನೋಡಿದ್ದೀರಾ? ಗಣಿ ಮತ್ತೆ ಯಾಕೆ ಶುರು ಮಾಡಬಾರದು? ದಿಬ್ಬದಲ್ಲೇ ಟನ್ನುಗಟ್ಟಲೆ ಚಿನ್ನ ಇದೆ ಅಂತಾರೆ.

ಕಲ್ಲುಮಣ್ಣು
ಶುರುವಿನಲ್ಲಿ ಒಂದು ಟನ್ ಅದಿರಿಗೆ 40 ಗ್ರಾಂ ಮೇಲೆ ಚಿನ್ನ ಸಿಗುತ್ತಿತ್ತು. ಕೊನೆಗೆ ಮೂರು ಗ್ರಾಂ ಆಸುಪಾಸಿಗೆ ಇಳಿಯಿತು. ಮೂರು ಗ್ರಾಮಿಗೋಸ್ಕರ ಮೂರು ಕಿಲೋಮೀಟರ್ ಕೆಳಗಿಂದ ಕಲ್ಲೆತ್ತಬೇಕು, ನೀರೆತ್ತಬೇಕು, ಕೆಳಗೆ ಗಾಳಿ ತಣ್ಣಗೆ ಮಾಡಿ ಕಳಿಸಬೇಕು. ಆಗಿನ ಚಿನ್ನದ ರೇಟಿಗೆ ಗಿಟ್ಟಲಿಲ್ಲ. ಈಗ ಕೆಳಗೆ ಇಳಿಯುವುದು ಬಿಡಿ, ಮೊದಲು ನೀರು ಖಾಲಿ ಮಾಡುವ ಖರ್ಚೇ ತಲೆ ತಿರುಗಿಸುತ್ತದೆ.

ದಿಬ್ಬದ ಕತೆ ಬೇರೆ. ಅಲ್ಲಿ ಟನ್ನಿಗೆ ಒಂದು ಗ್ರಾಂ ಸುತ್ತಮುತ್ತ ಅಷ್ಟೆ, ಆದರೆ ಕಲ್ಲು ಆಗಲೇ ಅರೆದು ನೆಲದ ಮೇಲೆ ಬಿದ್ದಿದೆ. ಅದಕ್ಕೇ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಈ 13 ದಿಬ್ಬಗಳ ಹರಾಜಿಗೆ ಒಪ್ಪಿಗೆ ಕೊಟ್ಟದ್ದು.

ಬಡ್ಡಿ ಬಸವರಾಜು
ಮತ್ತಿನ್ನೇನು, ಕೆಲಸ ಸಿಗುತ್ತದೆ, ಊರು ಉದ್ಧಾರ.

ಚಾಂಪಿಯನ್ ರೀಫ್ಸ್ ಮಗಳು
ಯಾರಿಗೆ ಕೆಲಸ? ದಿಬ್ಬ ಅಗೆಯಲು ನಾಲ್ಕು ಯಂತ್ರ, ಹತ್ತು ಡ್ರೈವರ್ ಸಾಕು. ಧೂಳು ಮಾತ್ರ ಊರಿಗೆಲ್ಲ. ಮುಚ್ಚಿದ ಕಾಲದ ಬಾಕಿ, ಮನೆ ಹಕ್ಕು ಅಂತ ಹಳೇ ಕಾರ್ಮಿಕರು ಇನ್ನೂ ಅರ್ಜಿ ಹಿಡಿದು ಅಲೆಯುತ್ತಿದ್ದಾರೆ. ಅದು ಮೊದಲು ಮುಗಿಯಲಿ.

ಮಾರಿಕುಪ್ಪಂ ಪ್ಯಾಸೆಂಜರ್
ನಾನು ಇದರಲ್ಲಿ ಅಕ್ಕನ ಮಾತು ಪೂರ್ತಿ ಒಪ್ಪುವುದಿಲ್ಲ. ದಿಬ್ಬ ಹಾಗೇ ಇದ್ದರೂ ಧೂಳು ಬರುತ್ತದೆ. ಅಗೆದು ಖಾಲಿ ಮಾಡಿದರೆ ನಮ್ಮ ಮಕ್ಕಳ ಕಾಲಕ್ಕಾದರೂ ತಪ್ಪುತ್ತದೆ. ಸಾವಿರ ಎಕರೆ ಜಾಗ ಖಾಲಿಯಾದರೆ ಅಲ್ಲಿ ಕಾರ್ಖಾನೆ ಬರಲಿ. 1964ರಲ್ಲಿ ಬೆಮೆಲ್, ಅದೇ ದೊಡ್ಡ ಯಂತ್ರಗಳ ಸರ್ಕಾರಿ ಕಾರ್ಖಾನೆ, ಶುರುವಾಗದೇ ಇದ್ದಿದ್ದರೆ ಗಣಿ ಮುಚ್ಚಿದ ಮೇಲೆ ಈ ಊರಿನ ಗತಿ ಏನಾಗುತ್ತಿತ್ತು ಯೋಚಿಸಿ. ದಿನಾ ಹೋಗಿ ಬರಲು ಐದಾರು ಗಂಟೆ ರೈಲಲ್ಲಿ ಕಳೆಯುವವನ ಕಷ್ಟ ಇದು.

ಚಾಂಪಿಯನ್ ರೀಫ್ಸ್ ಮಗಳು
ಖಾಲಿ ಮಾಡುವುದಿಲ್ಲ ತಮ್ಮಾ. ಚಿನ್ನ ತೆಗೆದ ಮೇಲೆ ಪುಡಿ ಎಲ್ಲಿಗೆ ಹೋಗುತ್ತದೆ? ಇನ್ನೊಂದು ಕಡೆ ದಿಬ್ಬ ಆಗುತ್ತದೆ. ಅದನ್ನು ಎಲ್ಲಿ ಸುರಿಯುತ್ತಾರೆ, ಮೇಲೆ ಏನು ಹೊದಿಸುತ್ತಾರೆ ಅಂತ ಬರೆದುಕೊಡಲಿ, ಆಮೇಲೆ ನಾನೂ ಚಪ್ಪಾಳೆ ತಟ್ಟುತ್ತೇನೆ.

ಕಲ್ಲುಮಣ್ಣು
ಅಕ್ಕ ಕೇಳಿದ್ದು ಸರಿಯಾದ ಪ್ರಶ್ನೆ. ಒಂದು ಗ್ರಾಂ ತೆಗೆದರೆ ಒಂದು ಟನ್ ಪುಡಿಯಲ್ಲಿ ಏನೂ ಕಮ್ಮಿ ಆಗುವುದಿಲ್ಲ. ಎಲ್ಲವನ್ನೂ ಮತ್ತೆ ಇಡಲೇಬೇಕು. ಖಾಲಿಯಾದ ಗಣಿಯೊಳಗೆ ತುಂಬುವುದು ಒಂದು ದಾರಿ, ದುಬಾರಿ. ಹೊಸ ಜಾಗದಲ್ಲಿ ತಳ ಕಟ್ಟಿ ಸುರಿದು, ಮೇಲೆ ಮಣ್ಣು ಹೊದಿಸಿ ಗಿಡ ನೆಡುವುದು ಇನ್ನೊಂದು. ಎರಡೂ ಮಾಡಬಹುದು, ಕರಾರಿನಲ್ಲಿ ಬರೆದಿದ್ದರೆ ಮಾತ್ರ.

ಕೆಂಬಾವುಟ
ಬರೆದದ್ದನ್ನು ಮಾಡಿಸುವ ಯೂನಿಯನ್ ಈಗ ಎಲ್ಲಿದೆ?

ಬಡ್ಡಿ ಬಸವರಾಜು
ಎಲ್ಲದಕ್ಕೂ ಅಡ್ಡಗಾಲು. ಸರಿ, ಹಟ್ಟಿಯಲ್ಲಿ ಇನ್ನೂ ಗಣಿ ನಡೆಯುತ್ತಿದೆಯಲ್ಲ, ರಾಯಚೂರು ಕಡೆ. ಅಲ್ಲಿ ಒಳಗೆ ನೋಡಲು ಬಿಡುತ್ತಾರಾ? ಫ್ಯಾಮಿಲಿ ಕರೆದುಕೊಂಡು ಹೋಗಬಹುದಾ?

ನಿರ್ವಾಹಕ
ಹಟ್ಟಿಗೆ ಬೇರೆ ಚರ್ಚೆ ಶುರು ಮಾಡಿ ಬಸವರಾಜು ಅವರೇ. ಹರಾಜಿನ ಮಾತು ಇಲ್ಲೇ ಮುಂದುವರಿಯಲಿ. ಪಾನಿಪುರಿ ಮಾತು ಸಾಕು.

ಪಾನಿಪುರಿ ಪಾರ್ಟಿ
ನಾನೇನು ಮಾಡಿದೆ ಸಾರ್?